ಕಿವಿಗೆ ಕಣ್ಣಿನ ಸಾಕ್ಷಿ

ಮಾತು ಒಲಿಯುವುದು ಕಿವಿಗೋ ಕಣ್ಣಿಗೋ? ಉಚ್ಚಾರಣೆಯ ಶಾಸ್ತ್ರಗ್ರಂಥವಾದ ಪಾಣಿನೀಯ ಶಿಕ್ಷೆಯು ಬರೆದದ್ದನ್ನು ನೋಡಿ ಓದುವವನನ್ನು ಅಧಮ ಪಾಠಕರ ಸಾಲಿಗೆ ಸೇರಿಸುತ್ತದೆ. ವೇದವನ್ನು ಗುರುಮುಖದಿಂದಲೇ ಕಲಿಯಬೇಕೆಂಬ ನಿಲುವೂ ಕಿವಿಯ ಪರವಾದದ್ದೇ. ಕೊರಟಗೆರೆ, ಮಧುಗಿರಿ, ಶಿರಾದ ವಿದ್ಯಾರ್ಥಿ ಅಡಿಬರಹವಿರುವ ವಿಡಿಯೋ ನೋಡಿ ಇಂಗ್ಲಿಷ್ ಕಲಿಯಹೊರಟರೆ ಅದೇ ಆಕ್ಷೇಪ ಮತ್ತೆ ಏಳುತ್ತದೆ: ಕಣ್ಣು ಓದುತ್ತಿದ್ದರೆ ಕಿವಿ ಸೋಮಾರಿಯಾಗದೇ? ಅಡಿಬರಹ ಯಾವ ಭಾಷೆಯದು ಎಂಬುದರ ಮೇಲೆ ಉತ್ತರ ನಿಂತಿದೆ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಂಶೋಧಕರಾದ ಮಿಟರರ್ ಮತ್ತು ಮೆಕ್‌ಕ್ವೀನ್ ಡಚ್ ಭಾಷಿಕರಿಗೆ ಸ್ಕಾಟಿಷ್, ಆಸ್ಟ್ರೇಲಿಯನ್ ಉಚ್ಚಾರಣೆಯ ಇಂಗ್ಲಿಷ್ ದೃಶ್ಯಗಳನ್ನು ತೋರಿಸಿದರು. ಇಂಗ್ಲಿಷ್ ಅಡಿಬರಹ ನೋಡಿದವರ ಕಿವಿ ಆ ಉಚ್ಚಾರಣೆಗೆ ಒಗ್ಗಿತು. ಡಚ್ ಅಡಿಬರಹ ಹೊಸ ಮಾತುಗಳನ್ನು ಗುರುತಿಸಲು ಅಡ್ಡಿಯೇ ಆಯಿತು. ‘ವಾಚಗೊನಡು’ ಎಂದು ಒಂದೇ ಉಸಿರಿಗೆ ಕೇಳಿದ ಸದ್ದಿನಡಿ ‘ವಾಟ್ ಆರ್ ಯು ಗೋಯಿಂಗ್ ಟು ಡು’ ಎಂಬ ಬರಹ ಮೂಡಿದರೆ, ಕಲಸಿಹೋದ ಪದಗಳನ್ನು ಕಿವಿ ಬಿಡಿಸಿಕೊಳ್ಳುತ್ತದೆ. ಕನ್ನಡ ಅನುವಾದ ಅರ್ಥವನ್ನು ಕೈಗಿಡುತ್ತದೆ, ಕೇಳುವ ಕೆಲಸವನ್ನು ಕಸಿದುಕೊಳ್ಳುತ್ತದೆ.

ಗಡಿಭಾಗದ ಪಾವಗಡದ ಮಕ್ಕಳು ಯಾವ ಅಡಿಬರಹವೂ ಇಲ್ಲದೆ ತೆಲುಗು, ಕನ್ನಡ ಎರಡನ್ನೂ ಕಲಿಯುತ್ತಾರಲ್ಲ ಎನ್ನಬಹುದು. ನಿಜ, ಆದರೆ ಅವರಿಗೆ ಮನೆಯಲ್ಲಿ, ಸಂತೆಯಲ್ಲಿ ತಿದ್ದಿ ಹೇಳುವ ಜನರಿದ್ದಾರೆ. ಇಂಗ್ಲಿಷಿಗೆ ಅಂಥ ನೆರೆಹೊರೆಯಿಲ್ಲ. ಆ ಕೊರತೆಯನ್ನು ಅಕ್ಷರ ಸ್ವಲ್ಪಮಟ್ಟಿಗೆ ತುಂಬುತ್ತದೆ. ಯಂತ್ರವೇ ಬರೆದ ಅಡಿಬರಹ ತಪ್ಪುವುದುಂಟು ಎಂಬ ಆಕ್ಷೇಪವೂ ಸರಿಯೇ. ನ್ಯಾಯದರ್ಶನದ ನೈಯಾಯಿಕರು ಶಬ್ದವನ್ನು ಪ್ರಮಾಣವೆಂದು, ಅಂದರೆ ಅರಿವಿನ ಸಾಧನವೆಂದು, ಒಪ್ಪಿದ್ದು ಅದು ಆಪ್ತನ, ಎಂದರೆ ನಂಬಲರ್ಹನ, ಮಾತಾದಾಗ ಮಾತ್ರ. ಹಾಗಾಗಿ ಮೊದಲು ನಂಬಲರ್ಹ ಅಡಿಬರಹದೊಂದಿಗೆ ಕೇಳಬೇಕು, ಬಳಿಕ ಅದನ್ನು ತೆಗೆದು ಅದೇ ಭಾಗವನ್ನು ಮತ್ತೆ ಕೇಳಬೇಕು. ಕಣ್ಣು ಸಾಕ್ಷಿ ಹೇಳಲಿ. ತೀರ್ಪು ಕೊಡುವ ಹಕ್ಕು ಕಿವಿಯದೇ ಆಗಿರಬೇಕು.