ಮೊದಲ ಹಾಡು ಯಾವುದಿರಲಿ?

ಗಿಟಾರ್ ಕಲಿಯುವ ಹುಡುಗ ಮೂರು ಕಾರ್ಡ್ ಹಿಡಿಯುವುದನ್ನು ಕಲಿತರೆ ಸಾಕು, ಅಡುಗೆಮನೆಯಿಂದಲೇ ‘ಓ, ಆ ಹಾಡಲ್ವೇನೋ’ ಎಂಬ ಮಾತು ತೇಲಿಬರುತ್ತದೆ. ಕೀಬೋರ್ಡಿನ ಮುಂದೆ ಕೂತ ಮಗು ಒಂದೇ ಬೆರಳಲ್ಲಿ ಪಲ್ಲವಿ ಒತ್ತಿದರೂ ಅಜ್ಜಿಗೆ ಗುರುತು ಹತ್ತುತ್ತದೆ. ಬೇಸ್ ಗಿಟಾರ್ ಹಿಡಿದವರ ಪಾಡು ಬೇರೆ. ಒಂದು ಸ್ವರ ತಪ್ಪದೆ, ತಾಳ ಹಾರದೆ ಇಡೀ ಹಾಡು ನುಡಿಸಿ ಮುಗಿಸಿದರೂ ‘ಇನ್ನೂ ಶ್ರುತಿ ಮಾಡ್ತಾ ಇದ್ದೀಯಾ?’ ಎಂದು ಕೇಳುವವರೇ ಜಾಸ್ತಿ. ಹಾಡಿನ ಧಾಟಿ ಗಾಯಕರದು, ಮೆರುಗು ಗಿಟಾರ್ ಮತ್ತು ಕೀಬೋರ್ಡಿನದು. ಬೇಸ್‌ನ ಪಾಲಿಗೆ ಬಂದಿರುವುದು ಅವರೆಲ್ಲ ನಿಂತಿರುವ ನೆಲ.

ಹೀಗಾಗಿ ಬೇಸ್ ಕಲಿಯುವವರಿಗೆ ಯಾವ ಹಾಡಿನಿಂದ ಶುರು ಮಾಡಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ಶಹಬ್ಬಾಸ್ ಎನ್ನುವವರು ಪಕ್ಕದಲ್ಲಿ ಇರುವುದಿಲ್ಲ. ಖುಷಿ ನುಡಿಸುವವರ ಕಿವಿಯಲ್ಲೇ ಹುಟ್ಟಬೇಕು. ಹುಟ್ಟದೆ ಹೋದರೆ ಎರಡನೇ ತಿಂಗಳಿಗೆ ವಾದ್ಯ ಮೂಲೆ ಸೇರುತ್ತದೆ. ‘ಹೊಸಬರಿಗೆ ಹತ್ತು ಸುಲಭ ಹಾಡುಗಳು’ ಎಂಬ ಪಟ್ಟಿಗಳಿಗೇನೂ ಬರವಿಲ್ಲ. ಆದರೆ ಆ ಪಟ್ಟಿಗಳು ಲೆಕ್ಕ ಹಾಕುವುದು ಹಾಡಿನಲ್ಲಿ ಎಷ್ಟು ಸ್ವರಗಳಿವೆ ಎಂಬುದನ್ನು ಮಾತ್ರ. ನೂರು ಸಲ ಕೇಳಿದ ಮೇಲೂ ಆ ಹಾಡು ನಿಮಗೆ ಬೇಕೆನಿಸುತ್ತದೆಯೇ ಎಂಬುದನ್ನು ಅವು ಹೇಳಲಾರವು.

ಮೊದಲ ಹಾಡನ್ನು ಯೋಚಿಸಿ ಆರಿಸುವ ಕ್ರಮ ನಮಗೆ ಹೊಸದಲ್ಲ. ಕರ್ನಾಟಕ ಸಂಗೀತ ಕಲಿಯುವ ಮಗು ಮಾಯಾಮಾಳವಗೌಳದಲ್ಲಿ ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳನ್ನು ಮುಗಿಸಿ ಪಿಳ್ಳಾರಿ ಗೀತೆಗೆ ಬರುತ್ತದೆ. ಪುರಂದರದಾಸರ ಹೆಸರಿನಲ್ಲಿ ಬಂದಿರುವ ಆ ಗೀತೆಗಳು ಮಲಹರಿ ರಾಗದವು. ಮಲಹರಿ ಮಾಯಾಮಾಳವಗೌಳದ್ದೇ ಜನ್ಯ. ಅದರಲ್ಲಿ ನಿಷಾದವಿಲ್ಲ, ಗಾಂಧಾರ ಇಳಿಯುವಾಗ ಮಾತ್ರ ಬರುತ್ತದೆ. ಅಂದರೆ ಮಗುವಿನ ನಾಲಗೆಗೆ ಆಗಲೇ ಪಳಗಿದ ಸ್ವರಗಳಲ್ಲೇ ಒಂದೆರಡನ್ನು ಬಿಟ್ಟು ಉಳಿದವುಗಳಿಂದ ಅದಕ್ಕೊಂದು ಪೂರ್ತಿ ಹಾಡು ಸಿಗುತ್ತದೆ. ಹೊಸ ಭಾರ ಹೊರಿಸದೆ ಹಾಡಿದ ಸಂತೋಷ ಕೊಡುವ ಜಾಣತನ ಅದು. ಬೇಸ್ ಗಿಟಾರಿಗೆ ಅಂಥ ಕಟ್ಟುನಿಟ್ಟಾದ ಪಾಠಕ್ರಮವಿಲ್ಲ. ಬಹುಪಾಲು ಜನ ನೇರವಾಗಿ ಹಾಡಿನಿಂದಲೇ ಕಲಿಯುತ್ತಾರೆ. ಗುರುಗಳು ಮಾಡಬೇಕಾದ ಆಯ್ಕೆ ಕಲಿಯುವವರ ತಲೆಯ ಮೇಲೆಯೇ ಬೀಳುತ್ತದೆ.

ಆ ಆಯ್ಕೆಗೆ ನನಗೆ ಗೊತ್ತಿರುವ ಒರೆಗಲ್ಲು ಒಂದೇ. ಸಾಹಿತ್ಯವನ್ನೂ ಗಾಯಕರ ಧಾಟಿಯನ್ನೂ ಬಿಟ್ಟು, ಆ ಹಾಡಿನ ಬೇಸ್ ಅನ್ನು ಮಾತ್ರ ಗುನುಗಲು ನಿಮಗೆ ಬರುತ್ತದೆಯೇ? ಬಂದರೆ ಅದು ನಿಮ್ಮ ಹಾಡು. ಬಾರದಿದ್ದರೆ ಟ್ಯಾಬ್ (ಯಾವ ತಂತಿಯ ಯಾವ ಮನೆ ಒತ್ತಬೇಕೆಂದು ಅಂಕಿಗಳಲ್ಲಿ ಬರೆದ ಲಿಪಿ) ನೋಡಿ ಎಷ್ಟೇ ಸರಿಯಾಗಿ ಬೆರಳಿಟ್ಟರೂ ನೀವು ನುಡಿಸುತ್ತಿರುವುದು ಅಂಕಿಗಳನ್ನು.

ಗುನುಗಬೇಕಾದರೆ ಮೊದಲು ಕೇಳಿಸಬೇಕು. ಬೇಸ್‌ನ ನಾಲ್ಕು ತಂತಿಗಳಲ್ಲಿ ಅತಿ ದಪ್ಪನೆಯದನ್ನು ಬಿಡಿಯಾಗಿ ಮೀಟಿದರೆ ಹೊರಡುವ ನಾದ ಸುಮಾರು 41 ಹರ್ಟ್ಸ್. ಗಿಟಾರಿನ ಅತಿ ತಗ್ಗಿನ ತಂತಿಗಿಂತ ಒಂದು ಸ್ಥಾಯಿ ಕೆಳಗೆ. ಫೋನಿನ ಪುಟ್ಟ ಸ್ಪೀಕರಿಗೆ ಆ ದನಿ ಹೊರಡಿಸುವ ತಾಕತ್ತಿಲ್ಲ. ಬಸ್ಸಿನಲ್ಲಿ ಫೋನ್ ಹಿಡಿದು ಹಾಡು ಆರಿಸಿಕೊಂಡವರು ತಮ್ಮ ವಾದ್ಯವನ್ನೇ ಕೇಳಿಸಿಕೊಳ್ಳದೆ ತೀರ್ಮಾನ ಮಾಡಿರುತ್ತಾರೆ. ಒಂದು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಹತ್ತು ವರ್ಷದಿಂದ ಪ್ರೀತಿಸಿದ ಹಾಡೊಂದನ್ನು ಮತ್ತೆ ಕೇಳಿ. ಗಾಯಕರ ದನಿಯ ಕೆಳಗೆ ಇನ್ನೊಂದು ಹಾಡು ನಡೆಯುತ್ತಿರುವುದು ಆಗ ತಿಳಿಯುತ್ತದೆ. ಬೇಸ್ ಕಲಿಕೆ ಶುರುವಾಗುವುದು ಅಲ್ಲಿ. ತಂತಿ ಮುಟ್ಟುವುದು ಆಮೇಲೆ.

ಗುನುಗುವ ಬೇಸ್‌ಗೆ ಜಗತ್ತಿನ ಅತಿ ದೊಡ್ಡ ಸಾಕ್ಷಿ ಫುಟ್‌ಬಾಲ್ ಮೈದಾನದಲ್ಲಿದೆ. ‘ದ ವೈಟ್ ಸ್ಟ್ರೈಪ್ಸ್’ ತಂಡದ ‘ಸೆವೆನ್ ನೇಷನ್ ಆರ್ಮಿ’ (2003) ಹಾಡಿನ ಏಳು ಸ್ವರಗಳ ತುಣುಕನ್ನು ಯುರೋಪಿನ ಅಭಿಮಾನಿಗಳು ಪದಗಳೇ ಇಲ್ಲದೆ ಹಾಡುತ್ತಾರೆ. 2006ರಲ್ಲಿ ವಿಶ್ವಕಪ್ ಗೆದ್ದ ಇಟಲಿಯವರ ಬಾಯಲ್ಲೂ ಅದೇ ಇತ್ತು. ಹೊಸದಾಗಿ ಬೇಸ್ ಹಿಡಿದವರಿಗೆ ಎಲ್ಲರೂ ಮೊದಲು ಹೇಳುವ ಹಾಡೂ ಅದೇ. ವಿಚಿತ್ರವೆಂದರೆ ಆ ತಂಡದಲ್ಲಿ ಬೇಸ್ ವಾದಕರೇ ಇರಲಿಲ್ಲ. ಇದ್ದವರು ಇಬ್ಬರು, ಗಿಟಾರಿಗೆ ಜ್ಯಾಕ್ ವೈಟ್, ಡ್ರಮ್ಸ್‌ಗೆ ಮೆಗ್ ವೈಟ್. ಜ್ಯಾಕ್ ತಮ್ಮ ಗಿಟಾರಿನ ದನಿಯನ್ನು ಪೆಡಲ್ ಮೂಲಕ ಒಂದು ಸ್ಥಾಯಿ ಕೆಳಗಿಳಿಸಿ ಅದನ್ನು ನುಡಿಸಿದ್ದರು. ಬೇಸ್‌ನಲ್ಲಿ ಇಡೀ ತುಣುಕು ಒಂದೇ ತಂತಿಯ ಮೇಲೆ ಬರುತ್ತದೆ. ಮೊದಲ ದಿನವೇ ‘ಬಂತು’ ಎನ್ನಿಸುವ ಸಮಾಧಾನ ಸಣ್ಣದಲ್ಲ. ಅದರಿಂದ ಕಲಿಯುವುದಕ್ಕಿಂತ ಧೈರ್ಯ ಬರುವುದೇ ಹೆಚ್ಚು, ಮೊದಲ ವಾರಕ್ಕೆ ಅಷ್ಟು ಸಾಕು.

ಕಲಿಸುವ ಹಾಡು ಬೇಕೆಂದರೆ ಬೆನ್ ಇ. ಕಿಂಗ್ ಅವರ ‘ಸ್ಟ್ಯಾಂಡ್ ಬೈ ಮಿ’ (1961) ಇದೆ. ಹಾಡು ತೆರೆದುಕೊಳ್ಳುವುದೇ ಬೇಸ್‌ನಿಂದ. ಎಂಟು ಬಾರ್‌ಗಳ, ಅಂದರೆ 32 ಎಣಿಕೆಗಳ ಒಂದು ಸುತ್ತು ಕೊನೆಯವರೆಗೂ ಬದಲಾಗದೆ ತಿರುಗುತ್ತದೆ. ಆದಿತಾಳ ಹಾಕಿ ಅಭ್ಯಾಸವಿದ್ದವರು ನಾಲ್ಕು ಆವರ್ತಕ್ಕೊಂದು ಸುತ್ತು ಎಂದು ಎಣಿಸಿಕೊಳ್ಳಬಹುದು. ಮೇಲೆ ಗಾಯಕರು ಬೇಡಿಕೊಳ್ಳಲಿ, ಪಿಟೀಲುಗಳು ಉಕ್ಕಲಿ, ಕೆಳಗಿನ ಸುತ್ತು ಅಲುಗುವುದಿಲ್ಲ. ಅದೇ ಕಾಲಪ್ರಮಾಣದಲ್ಲಿ, ಅದೇ ಒತ್ತಿನಲ್ಲಿ ಮೂರು ನಿಮಿಷ ಉಳಿಯುವುದು ಎಷ್ಟು ಕಷ್ಟ ಎಂದು ನುಡಿಸಿದವರಿಗೇ ಗೊತ್ತು. ಹಾಡು ಏರಿದಾಗ ಕೈಯೂ ಅದರ ಜೊತೆ ಓಡಲು ನೋಡುತ್ತದೆ. ಬಿಡದಿರುವುದೇ ಪಾಠ.

ಈ ಹಾಡಿನಲ್ಲಿ ಇನ್ನೊಂದು ಅನುಕೂಲವಿದೆ. 1951ರಲ್ಲಿ ಲಿಯೊ ಫೆಂಡರ್ ತಮ್ಮ ‘ಪ್ರಿಸಿಷನ್ ಬೇಸ್’ಗೆ ಇಟ್ಟ 34 ಇಂಚಿನ ತಂತಿಯಳತೆಯೇ ಇಂದಿಗೂ ಸಾಮಾನ್ಯ ಅಳತೆ. ಅದರಲ್ಲಿ ಮೊದಲ ಫ್ರೆಟ್ಟಿನ ಮನೆ ಸುಮಾರು 4.8 ಸೆಂಟಿಮೀಟರ್ ಅಗಲ; ಹೊಸಬರ ಬೆರಳು ಹರಡಿ ಹರಡಿ ನೋಯುತ್ತದೆ. ಐದನೇ ಫ್ರೆಟ್ ದಾಟಿದರೆ ಅದೇ ಮನೆ 3.6 ಸೆಂಟಿಮೀಟರಿಗೆ ಇಳಿಯುತ್ತದೆ. ಅಲ್ಲಿಂದ ಮುಂದಿನ ಅಳತೆ ಸಾಧಾರಣ ಗಿಟಾರಿನ ಅಳತೆಗೆ ಸರಿಹೋಗುತ್ತದೆ. ‘ಸ್ಟ್ಯಾಂಡ್ ಬೈ ಮಿ’ಯ ಸ್ವರಗಳು ಹೆಚ್ಚುಕಡಿಮೆ ಆ ಐದನೇ ಫ್ರೆಟ್ಟಿನ ಆಸುಪಾಸಿನಲ್ಲೇ ಸಿಗುತ್ತವೆ. ಹಾಡು ಆರಿಸುವಾಗ ಸ್ವರ ಎಷ್ಟು ಎಂಬುದರ ಜೊತೆಗೆ ಅವು ಹಲಗೆಯ ಮೇಲೆ ಎಲ್ಲಿವೆ ಎಂಬುದನ್ನೂ ನೋಡಬೇಕು. ಬೆರಳು ನೋಯದಿದ್ದರೆ ಕಿವಿಗೆ ಬಿಡುವು ಸಿಗುತ್ತದೆ.

‘ಯೂ ಟೂ’ ತಂಡದ ‘ವಿತ್ ಆರ್ ವಿಥೌಟ್ ಯೂ’ (1987) ಇನ್ನೂ ಕಡಿಮೆ ಸ್ವರದ್ದು. ಆಡಮ್ ಕ್ಲೇಟನ್ ಅದರಲ್ಲಿ ಬಳಸಿದ್ದು ಬಹುಪಾಲು ನಾಲ್ಕೇ ಸ್ವರ, ಬಾರಿಗೊಂದರಂತೆ. ಪಟ್ಟಿ ಮಾಡುವವರು ಇದನ್ನು ‘ಅತಿ ಸುಲಭ’ದ ಸಾಲಿಗೆ ಹಾಕಿ ಮುಂದೆ ಹೋಗುತ್ತಾರೆ. ಆದರೆ ಸುಮಾರು ಐದು ನಿಮಿಷ ಆ ನಾಲ್ಕನ್ನೇ ಬೇಸರ ಬಾರದಂತೆ ನುಡಿಸುವುದು ಹೇಗೆ? ಹಾಡು ಪಿಸುಮಾತಿನಂತೆ ಶುರುವಾಗಿ ಕೂಗಿಗೆ ಏರಿ ಮತ್ತೆ ಇಳಿಯುತ್ತದೆ. ಬದಲಾಗಬೇಕಾದದ್ದು ಮೀಟಿನ ತೂಕ ಮಾತ್ರ. ಒಂದೇ ಸ್ವರದಲ್ಲಿ ಎಷ್ಟು ಬಗೆ ಅಡಗಿದೆ ಎಂಬುದು ಇಂಥ ಹಾಡಿನಲ್ಲಿ ತಿಳಿದಷ್ಟು ಬೇರೆಡೆ ತಿಳಿಯದು.

ಇನ್ನು ಕ್ವೀನ್ ತಂಡದ ‘ಅನದರ್ ಒನ್ ಬೈಟ್ಸ್ ದ ಡಸ್ಟ್’ (1980). ಬರೆದವರು ತಂಡದ ಬೇಸ್ ವಾದಕ ಜಾನ್ ಡೀಕನ್ ಅವರೇ. ಅದರಲ್ಲಿ ‘ಶಿಕ್’ ತಂಡದ ಬರ್ನಾರ್ಡ್ ಎಡ್ವರ್ಡ್ಸ್ 1979ರ ‘ಗುಡ್ ಟೈಮ್ಸ್’ನಲ್ಲಿ ನುಡಿಸಿದ್ದರ ಛಾಯೆ ಸ್ಪಷ್ಟವಾಗಿದೆ. ಒಂದೇ ಸ್ವರ ಮೂರು ಸಲ, ಆಮೇಲೆ ಮೌನ. ಆ ಮೌನ ಖಾಲಿ ಜಾಗ ಅಲ್ಲ, ನುಡಿಸಬೇಕಾದದ್ದು. ದಪ್ಪ ತಂತಿ ತಾನಾಗಿ ಸುಮ್ಮನಾಗುವುದಿಲ್ಲ, ಗುಂಯ್‌ಗುಡುತ್ತಲೇ ಇರುತ್ತದೆ. ಎಡಗೈ ಬೆರಳನ್ನು ಸರಿಯಾದ ಕ್ಷಣಕ್ಕೆ ಸಡಿಲಿಸಿ, ತಂತಿಯಿಂದ ತೆಗೆಯದೆ ಮುಟ್ಟಿಸಿಟ್ಟು ಅದನ್ನು ನಿಲ್ಲಿಸಬೇಕು. ಒಂದು ಕೂದಲೆಳೆಯಷ್ಟು ತಡವಾದರೂ ಹಾಡಿನ ಗತ್ತು ಹೋಗುತ್ತದೆ. ಸ್ವರ ಶುರು ಮಾಡುವುದು ಯಾರಿಗಾದರೂ ಬರುತ್ತದೆ, ಮುಗಿಸುವುದು ಬೇಸ್ ವಾದಕರ ವಿದ್ಯೆ.

ಹಾಗಾದರೆ ಗುನುಗಲು ಬರುವುದೆಲ್ಲ ಮೊದಲ ಹಾಡಾಗಬಹುದೇ? ಇಲ್ಲ. ಮೈಕೆಲ್ ಜಾಕ್ಸನ್ ಅವರ ‘ಬಿಲ್ಲಿ ಜೀನ್’ ಬೇಸ್ ಯಾರ ಬಾಯಲ್ಲಾದರೂ ಆಡುತ್ತದೆ. ನುಡಿಸಲು ಕೂತರೆ ಅದು ಎಲ್ಲೂ ಉಸಿರು ಬಿಡುವುದಿಲ್ಲ. ಹೊಸಬರ ಕೈ ಮೊದಲ ಚರಣಕ್ಕೇ ಸೋಲುತ್ತದೆ. ಇಳಯರಾಜಾ ನಮಗೆ ಕೊಟ್ಟ ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳನ್ನು ಹೆಡ್‌ಫೋನಿನಲ್ಲಿ ಕೇಳಿ ನೋಡಿ. ಗಾಯಕರ ಧಾಟಿಯ ಕೆಳಗೆ ಬೇಸ್ ತನ್ನದೇ ದಾರಿ ಹಿಡಿದು ಏರುತ್ತ ಇಳಿಯುತ್ತ ನಡೆಯುತ್ತದೆ. ಕನ್ನಡದ ಕಿವಿಗೆ ಬೇಸ್‌ನ ರುಚಿ ಹತ್ತಿಸಲು ಅವಕ್ಕಿಂತ ಒಳ್ಳೆಯವು ಸಿಗಲಾರವು. ಆದರೆ ಅವು ಕೇಳುತ್ತ ಆಸೆಪಡಬೇಕಾದ ಹಾಡುಗಳು. ಆಸೆಯ ಹಾಡು ಒಂದು, ಅಭ್ಯಾಸದ ಹಾಡು ಒಂದು ಎಂದು ಎರಡನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಆಸೆಯದನ್ನು ಇಂದೇ ನುಡಿಸಹೊರಟರೆ ಅಭ್ಯಾಸ ಕೆಡುತ್ತದೆ, ಆಸೆಯೂ ಬತ್ತುತ್ತದೆ.

ನಮ್ಮಲ್ಲಿ ಇನ್ನೊಂದು ದಾರಿಯೂ ಇದೆ. ಮನೆಮಂದಿಗೆಲ್ಲ ಬರುವ ಜನಪದ ಹಾಡೊಂದನ್ನು ತೆಗೆದುಕೊಳ್ಳಿ. ಅದಕ್ಕೆ ಬೇಸ್ ಇಲ್ಲ, ನೀವೇ ಹಾಕಬೇಕು. ಅಮ್ಮ ಹಾಡುವ ಶ್ರುತಿಗೆ ದಪ್ಪ ತಂತಿಯ ಮೇಲೆ ಷಡ್ಜ ಹುಡುಕಿ. ಪಕ್ಕದ ತಂತಿಯಲ್ಲಿ ಅದಕ್ಕಿಂತ ಎರಡು ಮನೆ ಮುಂದೆ ಪಂಚಮ ಇರುತ್ತದೆ, ಅದೇ ಮನೆಯಲ್ಲಿ ಅದರಾಚೆಯ ತಂತಿ ಒತ್ತಿದರೆ ಮೇಲಿನ ಷಡ್ಜ. ಈ ಮೂರನ್ನೇ ತಾಳಕ್ಕೆ ಸರಿಯಾಗಿ ಇಡುತ್ತ ಹೋಗಿ. ತಂಬೂರಿಯೂ ಮುಖ್ಯವಾಗಿ ಈ ಷಡ್ಜ ಪಂಚಮಗಳನ್ನೇ ಮೀಟುವುದು. ಹಾಡುವವರಿಗೆ ಕಾಲೂರಲು ಜಾಗ ಸಿಕ್ಕಿತೆಂದರೆ ನಿಮ್ಮ ಕೆಲಸ ಆಯಿತು. ಟ್ಯಾಬ್ ಇಲ್ಲದೆ, ವಿಡಿಯೊ ಇಲ್ಲದೆ, ಇನ್ನೊಬ್ಬರ ದನಿಯನ್ನು ಕೇಳುತ್ತ ನುಡಿಸಿದ ಮೊದಲ ಹಾಡು ಅದಾಗುತ್ತದೆ. ಬೇಸ್ ಕಲಿಯುವುದು ಕಡೆಗೂ ಅದಕ್ಕೇ ತಾನೆ, ಇನ್ನೊಬ್ಬರ ಜೊತೆ ನುಡಿಸಲು? ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಬೇಸ್ ಹಿಡಿದು ಹಿಂದೆ ನಿಂತವರನ್ನು ಗಮನಿಸಿ. ಅವರ ಕಣ್ಣು ತಮ್ಮ ಬೆರಳಿನ ಮೇಲಿರುವುದಿಲ್ಲ, ಡ್ರಮ್ಸ್ ಬಾರಿಸುವವರ ಬಲಗಾಲಿನ ಮೇಲಿರುತ್ತದೆ.

ಹೆಸರು ಬಾರದ ವಾದ್ಯ ಇದು ಎಂಬ ದೂರು ಹಳೆಯದು. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ನೂರಾರು ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತಂತಿ ಮೀಟುತ್ತಿದ್ದುದು ಬಲಗೈಯ ತೋರುಬೆರಳೊಂದರಲ್ಲೇ. ‘ಮೈ ಗರ್ಲ್’ ಹಾಡಿನ ಆರಂಭದಲ್ಲಿ ಎಲ್ಲರಿಗಿಂತ ಮೊದಲು ಕೇಳುವುದು ಅವರ ಬೇಸ್. 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಹೊರಬರುವ ತನಕ ಮೋಟೌನ್ ತನ್ನ ಆಲ್ಬಮ್‌ಗಳ ಹೊದಿಕೆಯ ಮೇಲೆ ಇಂಥ ವಾದಕರ ಹೆಸರು ಹಾಕುವ ಗೋಜಿಗೇ ಹೋಗಿರಲಿಲ್ಲ. ಕೋಟ್ಯಂತರ ಜನ ಅವರ ಸ್ವರಕ್ಕೆ ಕಾಲು ಕುಣಿಸಿದ್ದು, ಕುಣಿಸುತ್ತಿರುವವರು ಯಾರೆಂದು ತಿಳಿಯದೆಯೇ. ಚಪ್ಪಾಳೆಯನ್ನು ನಂಬಿ ಈ ವಾದ್ಯ ಹಿಡಿಯುವಂತಿಲ್ಲ ಎಂದ ಮೇಲೆ, ನಿಮಗೆ ಇಷ್ಟವಿಲ್ಲದ ಹಾಡನ್ನು ‘ಎಲ್ಲರೂ ಕಲಿಯುತ್ತಾರೆ’ ಎಂದು ಕಲಿಯಲು ಯಾವ ಕಾರಣವೂ ಉಳಿಯುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಹೊಸಬರ ದೊಡ್ಡ ಚಟವೆಂದರೆ ಹತ್ತು ಹಾಡುಗಳ ಮೊದಲ ಹತ್ತು ಸೆಕೆಂಡ್ ಕಲಿಯುವುದು. ಗೆಳೆಯರ ಮುಂದೆ ಅದು ಚೆನ್ನಾಗಿಯೇ ಕೇಳುತ್ತದೆ. ಆದರೆ ಎರಡನೇ ಚರಣದಲ್ಲಿ ಬೇಸ್ ಒಂದು ಸ್ವರ ಯಾಕೆ ಬಿಡುತ್ತದೆ, ಕೊನೆಗೆ ಬರುವಾಗ ಕೈ ಎಲ್ಲಿ ದಣಿಯುತ್ತದೆ, ಮುಗಿಸುವಾಗ ಎಲ್ಲರೂ ಒಟ್ಟಿಗೆ ನಿಲ್ಲುವುದು ಹೇಗೆ ಎಂಬುದು ಆ ಹತ್ತು ಸೆಕೆಂಡಿನಲ್ಲಿ ಇರುವುದಿಲ್ಲ. ಪಿಳ್ಳಾರಿ ಗೀತೆ ಕಲಿಸುವ ಯಾವ ಗುರುವೂ ಮೊದಲ ಸಾಲೊಂದನ್ನೇ ಹೇಳಿಕೊಟ್ಟು ಮುಂದಿನ ಗೀತೆಗೆ ದಾಟಿಸುವುದಿಲ್ಲ. ಆರಿಸಿದ ಹಾಡು ನಿಮಗೆ ಒಗ್ಗಲಿಲ್ಲವೆಂದರೆ ಸಂಕೋಚಪಡದೆ ಬದಲಿಸಿ. ಬದಲಿಸುವ ಮೊದಲು ಒಮ್ಮೆ, ಎಷ್ಟೇ ನಿಧಾನವಾಗಲಿ, ಅದನ್ನು ಕೊನೆಯ ಸ್ವರದವರೆಗೆ ನುಡಿಸಿ. ಹಾಡು ಬೇಸರವಾಯಿತೋ ಅಥವಾ ಅದರ ಕಷ್ಟದ ಜಾಗ ಬಂತೋ ಎಂಬುದು ಅಲ್ಲಿಗೆ ತಲುಪಿದವರಿಗೆ ಮಾತ್ರ ಗೊತ್ತಾಗುತ್ತದೆ.