ಚಿತ್ರಪಟದಲ್ಲಿಲ್ಲದ ನಾಳ

ನಮ್ಮ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ವಿಜ್ಞಾನದ ತರಗತಿಯ ಗೋಡೆಗೆ ಮಾನವ ಶರೀರದ ಚಿತ್ರಪಟವೊಂದು ತೂಗುತ್ತಿರುತ್ತದೆ. ಹೃದಯದಿಂದ ಹೊರಟ ಮಹಾಪಧಮನಿಯು ಬೆನ್ನೆಲುಬಿನ ಮುಂದೆ ಹೊಟ್ಟೆಯೊಳಕ್ಕೆ ಇಳಿಯುತ್ತದೆ. ಅಲ್ಲಿ ಜಠರ, ಯಕೃತ್ತು, ಗುಲ್ಮಗಳಿಗೆ ಒಂದೇ ಬುಡದಿಂದ ಮೂರು ಕವಲು. ಅದರ ಕೆಳಗೆ ಕರುಳಿನದು. ಆಮೇಲೆ ಎಡಬಲದ ಮೂತ್ರಪಿಂಡಗಳಿಗೆ ಒಂದೊಂದು. ಮಕ್ಕಳು ನೋಡಿ ಬರೆಯುತ್ತಾರೆ, ನಾವು ಅಂಕ ಕೊಡುತ್ತೇವೆ. ಆ ಪಟ ಯಾರ ಶರೀರದ್ದೆಂದು ಮಕ್ಕಳು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಮೃತದೇಹಗಳನ್ನು ತೆರೆದು ನೋಡಿದವರು ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರೆ. ಅಮೆರಿಕದ ಮೈಕೆಲ್ಸ್ ಎಂಬ ವಿದ್ವಾಂಸರು 200 ದೇಹಗಳನ್ನು ಪರಿಶೀಲಿಸಿ, 1955ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಯಕೃತ್ತಿನ ಅಪಧಮನಿಗಳನ್ನು ಹತ್ತು ಬಗೆಯಾಗಿ ವಿಂಗಡಿಸಿದರು. ಪುಸ್ತಕದ ಚಿತ್ರಕ್ಕೆ ಸರಿಹೊಂದಿದವು ನೂರಕ್ಕೆ ಸುಮಾರು 55 ಮಾತ್ರ! ಕೆಲವರಲ್ಲಿ ಯಕೃತ್ತಿನ ಬಲಭಾಗದ ನಾಳ ಕರುಳಿನ ಅಪಧಮನಿಯಿಂದ ಹೊರಟಿತ್ತು, ಕೆಲವರಲ್ಲಿ ಎಡಭಾಗದ್ದು ಜಠರದ ನಾಳದಿಂದ. ಈಗ ಇದನ್ನು ಕಾಣಲು ಮೃತದೇಹ ಬೇಕಿಲ್ಲ. ತೋಳಿನ ನಾಳಕ್ಕೆ ಅಯೋಡಿನ್ ಬೆರೆತ ದ್ರವವನ್ನು ಚುಚ್ಚಿ ಸಿ.ಟಿ. ಯಂತ್ರದಲ್ಲಿ ಮಲಗಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಬದುಕಿರುವವರ ಅಪಧಮನಿಗಳೆಲ್ಲ ಪರದೆಯ ಮೇಲೆ ಮೂಡುತ್ತವೆ. ಹಾಗೆ ನೋಡಿದಾಗ ನಾಲ್ವರಲ್ಲಿ ಒಬ್ಬರಿಗಾದರೂ ಯಾವುದೋ ಒಂದು ಮೂತ್ರಪಿಂಡಕ್ಕೆ ಒಂದಕ್ಕಿಂತ ಹೆಚ್ಚು ಅಪಧಮನಿ ಇರುವುದು ಕಂಡುಬರುತ್ತದೆ.

ಇದರ ಕಾರಣ ಸ್ವಾರಸ್ಯವಾಗಿದೆ. ಮೂತ್ರಪಿಂಡವು ಹುಟ್ಟುವುದು ಈಗಿರುವ ಸ್ಥಳದಲ್ಲಲ್ಲ, ಕಿಬ್ಬೊಟ್ಟೆಯ ತಳದಲ್ಲಿ. ಗರ್ಭದ ಆರನೆಯ ವಾರದಿಂದ ಒಂಬತ್ತನೆಯ ವಾರದೊಳಗೆ ಅದು ಮೇಲಕ್ಕೆ ಏರುತ್ತದೆ. ಹುಲಜಂತಿಯ ಮಹಾಲಿಂಗರಾಯನ ಜಾತ್ರೆಗೆ ದೀಪಾವಳಿಯಲ್ಲಿ ಬಂದು ಸೇರುವ ಕುರುಬ ಬಾಂಧವರನ್ನು ನಾವೆಲ್ಲ ಬಲ್ಲೆವು. ಅವರ ಹಿರಿಯರು ಕುರಿಹಿಂಡಿನೊಡನೆ ನಡೆಯುವಾಗ ಪ್ರತಿ ತಂಗುದಾಣದಲ್ಲೂ ಹೊಸ ನೀರು ಹುಡುಕುತ್ತಿದ್ದರು, ಹಿಂದಿನದನ್ನು ಬಿಡುತ್ತಿದ್ದರು. ಮೂತ್ರಪಿಂಡವೂ ಹಾಗೆಯೇ ಮೇಲೇರುತ್ತ ಹೊಸ ನಾಳಗಳನ್ನು ಹಿಡಿಯುತ್ತದೆ, ಹಳೆಯವು ಬತ್ತಿಹೋಗುತ್ತವೆ. ಬತ್ತದೆ ಉಳಿದದ್ದೇ ಆ ಹೆಚ್ಚಿನ ನಾಳ. ಅದು ಆ ಪಯಣದ ಗುರುತು, ರೋಗವಲ್ಲ.

ಆದರೆ ಜನ ಹಾಗೆ ತಿಳಿಯುವುದಿಲ್ಲ. ನಮಗೆ ಪರಿಚಯದ ಮನೆತನವೊಂದರಲ್ಲಿ ತಾಯಿ ಮಗನಿಗೆ ಮೂತ್ರಪಿಂಡ ಕೊಡಲು ಸಿದ್ಧಳಾಗಿದ್ದಳು. ಪರೀಕ್ಷೆಯಲ್ಲಿ ಅವಳ ಎಡಬದಿಗೆ ಎರಡು ಅಪಧಮನಿ ಕಂಡವು. ವರದಿ ಇಂಗ್ಲಿಷಿನಲ್ಲಿ, ಅದನ್ನು ಓದಿ ಹೇಳಿದವರು ಮರಾಠಿಯಲ್ಲಿ, ಆಕೆಗೆ ತಿಳಿಯುವುದು ಕನ್ನಡ ಮಾತ್ರ. ಅಲ್ಲಿ 'ಬೇರೆ ಬಗೆ' ಎಂದಿದ್ದುದು ಮನೆಗೆ ಬರುವಷ್ಟರಲ್ಲಿ 'ಅವ್ವಗ ಒಳಗ ಐಬು ಅದ' ಎಂದಾಗಿತ್ತು. 'ಇಷ್ಟು ವರ್ಷ ಹೊಲದಾಗ ದುಡದೀನಿ, ನಾಕು ಮಕ್ಕಳ ಹಡದೀನಿ, ಐಬು ಎಲ್ಲಿತ್ತಪಾ?' ಎಂದು ಆಕೆ ಹಿರಿಯ ಮಗನನ್ನು ಕೇಳಿದಳಂತೆ. ಆ ಪ್ರಶ್ನೆಗೆ ಉತ್ತರ ಕೊಡುವುದು ವೈದ್ಯಶಾಸ್ತ್ರದಷ್ಟೇ ನೀತಿಶಾಸ್ತ್ರದ ಕೆಲಸವೂ ಹೌದು.

ಸಾಮಾನ್ಯ ಎಂಬ ಮಾತಿನಲ್ಲಿ ಎರಡು ಅರ್ಥಗಳು ಬೆರೆತಿವೆ. ಹೆಚ್ಚು ಜನರಲ್ಲಿ ಇರುವುದು ಎಂಬುದೊಂದು, ಇರಬೇಕಾದದ್ದು ಎಂಬುದಿನ್ನೊಂದು. ಮೊದಲನೆಯದು ಎಣಿಕೆ, ಎರಡನೆಯದು ತೀರ್ಪು. ನಮ್ಮ ನುಡಿಯೂ ಇಲ್ಲಿ ತೊಡಕು ಮಾಡುತ್ತದೆ: ಭಿನ್ನ ಎಂದರೆ ಬೇರೆಯಾದದ್ದು, ಮುಕ್ಕಾದ ಮೂರ್ತಿಗೂ ನಾವು ಭಿನ್ನವಾಯಿತು ಎಂದೇ ಹೇಳಿ ಪೂಜೆ ನಿಲ್ಲಿಸುತ್ತೇವೆ.

ಹಾಗಾದರೆ ಎಲ್ಲವೂ ಬರಿಯ ಭಿನ್ನತೆಯೇ, ದೋಷವೇ ಇಲ್ಲವೇ? ಹಾಗೆ ಹೇಳುವುದು ಔದಾರ್ಯವಲ್ಲ, ಅಲಕ್ಷ್ಯ. ಮಹಾಪಧಮನಿಯ ಗೋಡೆ ಸಡಿಲಾಗಿ ಉಬ್ಬಿದರೆ ಅದು ರೋಗ. ಒಡೆದರೆ ಪ್ರಾಣ ಹೋದೀತು. ಮಂಗಳವೇಢೆಯಲ್ಲಿ ಕರಣಿಕನಾಗಿದ್ದ ಬಸವಣ್ಣನ ನಾಡಿನವರಾದ ನಮಗೆ ಇಲ್ಲಿ ಅಳತೆಗೋಲು ದೊರೆಯದೆ ಇಲ್ಲ: ಹುಟ್ಟನ್ನು ಬಿಟ್ಟು ಕಾಯಕವನ್ನು ನೋಡುವುದು. ನಾಳ ಎಲ್ಲಿಂದ ಹೊರಟಿತೆಂಬುದಕ್ಕಿಂತ ರಕ್ತ ಮುಟ್ಟಿಸುತ್ತಿದೆಯೇ ಎಂಬುದು ಮುಖ್ಯ.

ಆದರೂ ಈ ಅಳತೆಗೋಲು ಒಂದೆಡೆ ಸಾಲದು. ಮೂತ್ರಪಿಂಡದ ಪ್ರತಿ ಅಪಧಮನಿಯೂ ತನ್ನ ಭಾಗಕ್ಕೆ ಏಕೈಕ ಆಸರೆ. ಅರಿಯದೆ ಕತ್ತರಿಸಿದರೆ ಅಷ್ಟು ಭಾಗ ಸಾಯುತ್ತದೆ. ಕೆಳತುದಿಯ ನಾಳವಾದರೆ ಮೂತ್ರನಾಳಕ್ಕೂ ಅಪಾಯ. ಜೀವಮಾನವಿಡೀ ಯಾರಿಗೂ ಕೇಡು ಮಾಡದ ನಾಳ ಕತ್ತರಿಯ ಎದುರು ಅಪಾಯವಾಗುತ್ತದೆ. ಆ ಅಪಾಯ ನಾಳದ್ದೋ, ನೋಡದೆ ಕತ್ತರಿಸುವ ಕೈಯದೋ? ಕೈಯದೆಂದೇ ನಮ್ಮ ಅಭಿಪ್ರಾಯ. ಎರಡು ನಾಳಗಳನ್ನು ಜೋಡಿಸಿ ಕಸಿ ಮಾಡುವ ವಿದ್ಯೆ ಶಸ್ತ್ರವೈದ್ಯರಿಗೆ ತಿಳಿದದ್ದೇ. ಮೊದಲೇ ನೋಡಿರಬೇಕು, ಅಷ್ಟೆ. ತರಗತಿಗೆ ಬಂದ ಎಡಚ ಮಗುವಿನ ಬಳಪವನ್ನು ಬಲಗೈಗೆ ತುರುಕುತ್ತಿದ್ದ ಕಾಲವನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇಂಥ ನಾಳವುಳ್ಳವರಿಗೆ ವಿಷಯ ತಿಳಿಸಬೇಕೇ, ಸುಮ್ಮನೆ ಭಯವಾಗದೇ ಎಂದು ಕೆಲವರು ಕೇಳುತ್ತಾರೆ. ತಿಳಿಸಬೇಕೆಂದೇ ನಾವೆನ್ನುತ್ತೇವೆ. ಮುಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಬಂದರೆ ಆ ಹಳೆಯ ವರದಿ ವೈದ್ಯರ ಕಣ್ಣಿಗೆ ಬೀಳಬೇಕು. ಭಯ ಹುಟ್ಟಿಸಿದ್ದು ಸುದ್ದಿಯಲ್ಲ, ದಾರಿಯಲ್ಲಿ ಸೇರಿಕೊಂಡ ಆ ಒಂದು ಶಬ್ದ. ಸೊಲ್ಲಾಪುರದ ಆಸ್ಪತ್ರೆಗಳಿಗೆ ಅಕ್ಕಲಕೋಟೆ, ಮಂಗಳವೇಢೆಗಳಿಂದ ಹೋಗುವ ನಮ್ಮ ಹಿರಿಯರ ಜೊತೆ ಮೂರೂ ಭಾಷೆ ಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಹೋಗುವಂತೆ ಸಂಘದ ಸದಸ್ಯರು ಊರೂರಲ್ಲಿ ಏರ್ಪಾಡು ಮಾಡಬಹುದು. ವರದಿಯ ಪ್ರತಿಯನ್ನು ಮನೆಯ ಪೆಟ್ಟಿಗೆಯಲ್ಲಿ ಪಹಣಿ ಪತ್ರದ ಜೊತೆಗೇ ಇಡಲಿ.