ಹಾರ್ಡ್‌ಡಿಸ್ಕ್‌ಗೆ ಮನೆಮದ್ದು

ಹಾರ್ಡ್‌ಡಿಸ್ಕ್ ಕೆಡುವ ಮುನ್ನ ಬಹಳ ಸಲ ಸದ್ದು ಮಾಡುತ್ತದೆ. ಟಕ್, ಟಕ್, ಸ್ವಲ್ಪ ಬಿಟ್ಟು ಮತ್ತೆ ಟಕ್. ತಿರುಗುವ ತಟ್ಟೆಯ ಮೇಲೆ ಓಡಾಡಬೇಕಾದ ಹೆಡ್ ತನ್ನ ಜಾಡು ಸಿಗದೆ ಹಿಂದಕ್ಕೆ ಬಂದು, ಮತ್ತೆ ಹುಡುಕಲು ಹೊರಡುವ ಸದ್ದು ಅದು. ಹೆಡ್ ಕೆಟ್ಟಿರಬಹುದು, ತಟ್ಟೆಗೇ ಗೀರು ಬಿದ್ದಿರಬಹುದು. ಗೀರು ಬಿದ್ದಿದ್ದರೆ, ಕರೆಂಟ್ ಕೊಟ್ಟಷ್ಟೂ ಅದು ಹೆಚ್ಚುತ್ತದೆ.

ಆದರೆ ಆ ಹೊತ್ತಿನಲ್ಲಿ ಸುಮ್ಮನಿರಲು ಯಾರಿಗೆ ಆಗುತ್ತದೆ? ಮದುವೆಯ ಫೋಟೊ, ತೀರಿಕೊಂಡ ಅಜ್ಜಿ ಹಾಡಿದ ಸೋಬಾನೆ ಪದ, ಮುಗಿಯಲು ಬಂದ ಪಿಎಚ್‌ಡಿ ಪ್ರಬಂಧ, ಎಲ್ಲ ಅದರಲ್ಲೇ ಇದೆ. ಆಫ್ ಮಾಡಿ ಆನ್ ಮಾಡುತ್ತೇವೆ. ಕೇಬಲ್ ಬದಲಿಸುತ್ತೇವೆ. ಮೆಲ್ಲಗೆ ತಟ್ಟಿ ನೋಡುತ್ತೇವೆ. ಅಷ್ಟರಲ್ಲಿ ಯಾರೋ ಹೇಳುತ್ತಾರೆ: ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿಡಿ, ಸರಿಹೋಗುತ್ತದೆ.

ಈ ಮನೆಮದ್ದುಗಳನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಒಂದು ಕಾಲದಲ್ಲಿ ಇವು ಕೆಲಸ ಮಾಡಿದ್ದುಂಟು. ಹಳೆಯ ಡಿಸ್ಕ್‌ಗಳಲ್ಲಿ ತಿರುಗುವುದು ನಿಂತಾಗ ಹೆಡ್ ತಟ್ಟೆಯ ಮೇಲೆಯೇ ಕೂರುತ್ತಿತ್ತು. ಕೆಲವೊಮ್ಮೆ ಅಲ್ಲೇ ಕಚ್ಚಿಕೊಂಡು ಮೋಟಾರು ತಿರುಗುತ್ತಿರಲಿಲ್ಲ. ತಟ್ಟಿದರೆ ಬಿಟ್ಟುಕೊಳ್ಳುತ್ತಿತ್ತು, ತಣ್ಣಗಾಗಿಸಿದರೂ ಒಮ್ಮೊಮ್ಮೆ ಬಿಟ್ಟುಕೊಳ್ಳುತ್ತಿತ್ತು. ಈಗಿನ ಹೆಚ್ಚಿನ ಡಿಸ್ಕ್‌ಗಳಲ್ಲಿ ಹೆಡ್ ತಟ್ಟೆಯಿಂದಾಚೆಗೆ ಸರಿದು ಒಂದು ಪುಟ್ಟ ಇಳಿಜಾರಿನ ಮೇಲೆ ಕೂರುತ್ತದೆ. ತಟ್ಟಿದರೆ ಪ್ರಯೋಜನಕ್ಕಿಂತ ಪೆಟ್ಟೇ ಹೆಚ್ಚು. ಇನ್ನು ಫ್ರೀಜರಿನಿಂದ ತೆಗೆದ ಡಿಸ್ಕ್ ಮಂಗಳೂರಿನ ಜುಲೈ ತಿಂಗಳ ಹವೆಗೆ ಬಂದರೆ ಅದರ ಮೇಲೂ ಒಳಗೂ ನೀರಹನಿ ಕಟ್ಟುತ್ತದೆ. ಆ ತೇವದಲ್ಲೇ ತಟ್ಟೆಯನ್ನು ತಿರುಗಿಸಿದಂತಾಯಿತು.

ಡಿಸ್ಕಿನ ಕೆಳಗಿರುವ ಹಸಿರು ಬೋರ್ಡಿನ ಕಥೆಯೂ ಇದೇ. ಹಿಂದೆ ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿ ತಂದು, ಅದರ ಬೋರ್ಡ್ ಬಿಚ್ಚಿ ಇದಕ್ಕೆ ಕೂರಿಸಿದರೆ ನಡೆಯುವುದಿತ್ತು. ಈಗ ಪ್ರತಿಯೊಂದು ಡಿಸ್ಕ್‌ಗೂ ಕಾರ್ಖಾನೆಯಲ್ಲೇ ಅದರದೇ ಹೊಂದಾಣಿಕೆಯ ಅಳತೆಗಳನ್ನು ಬರೆದಿಟ್ಟಿರುತ್ತಾರೆ. ಸಾಮಾನ್ಯವಾಗಿ ಅದರ ಒಂದು ಭಾಗ ಬೋರ್ಡಿನ ಮೇಲಿನ ಚಿಪ್ಪಿನಲ್ಲೇ ಇರುತ್ತದೆ. ಆ ಚಿಪ್ಪನ್ನು ಬಿಡಿಸಿ ಹೊಸ ಬೋರ್ಡಿಗೆ ಬೆಸೆಯದಿದ್ದರೆ, ಒಂದೇ ಮಾಡೆಲ್ಲಾದರೂ ಹೊಂದುವುದಿಲ್ಲ.

ಎಲ್ಲಕ್ಕಿಂತ ನನಗೆ ಭಯವಾಗುವುದು ಮುಚ್ಚಳ ಬಿಚ್ಚುವವರನ್ನು ಕಂಡಾಗ. ನಕ್ಷತ್ರದಾಕಾರದ ಸ್ಕ್ರೂಗಳು, ಅವಕ್ಕೆ ತಕ್ಕ ಸ್ಕ್ರೂಡ್ರೈವರ್ ಎಲ್ಲೆಡೆ ಸಿಗುತ್ತದೆ. ಬಿಚ್ಚಿದರೆ ಕನ್ನಡಿಯಂತೆ ಹೊಳೆಯುವ ತಟ್ಟೆ. ಎಷ್ಟು ಶುಭ್ರವಾಗಿ ಕಾಣುತ್ತದೆಂದರೆ ಇದಕ್ಕೇನೂ ಆಗಿಲ್ಲ ಎಂದೇ ಅನ್ನಿಸುತ್ತದೆ. ಅದು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವಾಗ ಹೆಡ್ ಅದನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ತಲೆಗೂದಲಿನ ದಪ್ಪವೇ ಸುಮಾರು 70,000 ನ್ಯಾನೋಮೀಟರ್. 7200 ಸುತ್ತಿನ ಡೆಸ್ಕ್‌ಟಾಪ್ ಡಿಸ್ಕಿನ ತಟ್ಟೆಯ ಅಂಚು ಗಂಟೆಗೆ 120 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತಿರುವಾಗ ಅಗರಬತ್ತಿಯ ಹೊಗೆಯ ಕಣವೂ ಅಲ್ಲಿ ಬಂಡೆಗಲ್ಲೇ. ಇನ್ನು ನಮ್ಮ ಬೆರಳಚ್ಚಿನ ಮಾತೇನು!

ಹಾಗಾದರೆ ಕೆಟ್ಟದ್ದು ಕೆಟ್ಟೇ ಹೋಯಿತೇ? ಇಲ್ಲ. 2003ರ ಫೆಬ್ರುವರಿ 1ರಂದು ಕೊಲಂಬಿಯಾ ನೌಕೆ ಆಕಾಶದಲ್ಲೇ ಒಡೆದು, ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ತೀರಿಕೊಂಡರು. ಟೆಕ್ಸಾಸ್‌ನಲ್ಲಿ ಬಿದ್ದ ಅವಶೇಷಗಳ ನಡುವೆ ಸುಟ್ಟು ಕರಕಲಾದ ಒಂದು ಹಾರ್ಡ್‌ಡಿಸ್ಕ್ ಸಿಕ್ಕಿತು. ಕ್ಸೆನಾನ್ ಅನಿಲದ ಮೇಲೆ ನಡೆಸಿದ ಪ್ರಯೋಗದ ದತ್ತಾಂಶ ಅದರಲ್ಲಿತ್ತು. ಅಮೆರಿಕದ ಕ್ರೋಲ್ ಆನ್‌ಟ್ರ್ಯಾಕ್ ಕಂಪನಿಯವರು ಅದರ ತಟ್ಟೆಗಳನ್ನು ತೆಗೆದು, ತೊಳೆದು, ಬೇರೊಂದು ಡಿಸ್ಕಿನೊಳಗೆ ಕೂರಿಸಿ ಶೇ 99ರಷ್ಟನ್ನು ಓದಿದರು. ಆ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ತಟ್ಟೆಯಲ್ಲಿ ಪೆಟ್ಟು ಬಿದ್ದದ್ದು ಏನೂ ಬರೆಯದಿದ್ದ ಜಾಗದಲ್ಲಿ, ಅದು ಪುಣ್ಯ. ಆಕಾಶದಿಂದ ಬಿದ್ದದ್ದೂ ಉಳಿಯಬಲ್ಲದು ಎಂದಾದರೆ, ನಮ್ಮ ಮೇಜಿನ ಮೇಲಿರುವುದನ್ನು ನಾವೇ ಯಾಕೆ ಕೊಲ್ಲಬೇಕು?

ಸದ್ದಿಲ್ಲ, ಬರೀ ನಿಧಾನವಾಗಿದೆ, ಆಗಾಗ ಹ್ಯಾಂಗ್ ಆಗುತ್ತಿದೆ ಎಂದಾದರೆ ಮಾತು ಬೇರೆ. ಆಗ ಮನೆಯಲ್ಲೇ ನಕಲು ಮಾಡಿಕೊಳ್ಳಲು ಅವಕಾಶವಿದೆ. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಸಲೀಸಾಗಿ ಓದಲು ಬರುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಕೈಹಾಕುತ್ತದೆ. ವಿಂಡೋಸ್‌ನ ಚೆಕ್‌ಡಿಸ್ಕನ್ನು ಮಾತ್ರ ಈಗ ಓಡಿಸಬೇಡಿ. ಅದು ‘ರಿಪೇರಿ’ ಮಾಡುವ ಭರದಲ್ಲಿ ಅದೇ ಸೊರಗಿದ ಡಿಸ್ಕಿನ ಮೇಲೆ ಬರೆಯಲು ತೊಡಗುತ್ತದೆ.

ಟಕ್ ಎನ್ನುವುದನ್ನು ಮಾತ್ರ ಆಫ್ ಮಾಡಿ, ಪ್ಲಗ್ ಕಿತ್ತು, ಮೆತ್ತಗೆ ಸುತ್ತಿಡಿ. ರಿಕವರಿಯವರ ಹತ್ತಿರ ಒಯ್ದಾಗ ಮುಚ್ಚಳವನ್ನು ಎಲ್ಲಿ ತೆರೆಯುತ್ತೀರಿ ಎಂದು ಕೇಳಿ. ಕೌಂಟರಿನ ಮೇಲೆಯೇ ತೆರೆಯುವವರಾದರೆ ವಾಪಸು ತನ್ನಿ. ಬಿದ್ದಿತ್ತೇ, ಫ್ರೀಜರಿನಲ್ಲಿಟ್ಟಿರೇ, ಸ್ಕ್ರೂ ಬಿಚ್ಚಿದಿರೇ, ಏನೇನು ಮಾಡಿದ್ದೀರೋ ಸಂಕೋಚವಿಲ್ಲದೆ ಹೇಳಿಬಿಡಿ. ಅದನ್ನು ಕೇಳಿದ ಮೇಲೆ ಅವರು ಮೊದಲು ಕರೆಂಟ್ ಕೊಟ್ಟು ನೋಡುವುದಿಲ್ಲ, ತೆರೆದು ತಟ್ಟೆ ನೋಡುತ್ತಾರೆ.